ರಂಗೋಲಿ ಕೆಳಗೆ ತೂರಿದವರು

ಅಪರಾಧಶಾಸ್ತ್ರ ಬಹುಕಾಲ ಓದಿದ್ದು ಸಿಕ್ಕಿಬಿದ್ದವರನ್ನು. 1876ರಲ್ಲಿ ಇಟಲಿಯ ಚೆಸರೆ ಲೊಂಬ್ರೋಸೊ ಹುಟ್ಟು ಅಪರಾಧಿಯ ಲಕ್ಷಣಗಳನ್ನು ಪಟ್ಟಿ ಮಾಡಿದಾಗ ಆತ ಅಳೆದ ತಲೆಬುರುಡೆ, ದವಡೆಗಳು ಬಹುತೇಕ ಜೈಲು ಕಂಡವರವು. 1913ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಗೋರಿಂಗ್ ಆ ಪಟ್ಟಿಯನ್ನು ಅಲ್ಲಗಳೆದ. ಅದಕ್ಕೆ ಅವನು ಆಧರಿಸಿದ್ದೂ ಕೈದಿಗಳನ್ನೇ. ಬೆಳಕಿಗೆ ಬಾರದ ಅಪರಾಧಗಳ ಮೊತ್ತ ಎಷ್ಟಿರಬಹುದೆಂದು ಬೆಲ್ಜಿಯಂನ ಅಡಾಲ್ಫ್ ಕೆಟೆಲೆ 1830ರ ದಶಕದಲ್ಲೇ ಚಿಂತಿಸಿದ್ದ. ಆದರೆ ತಪ್ಪಿಸಿಕೊಂಡವರು ಯಾರು, ಹೇಗೆ ಎಂಬ ಪ್ರಶ್ನೆಗೆ ಇನ್ನೂ ನೂರು ವರ್ಷ ಬೇಕಾಯಿತು.

ಅದನ್ನು ಗಂಭೀರವಾಗಿ ಎತ್ತಿಕೊಂಡವನು ಅಮೆರಿಕದ ಎಡ್ವಿನ್ ಸದರ್‌ಲ್ಯಾಂಡ್. 1937ರಲ್ಲಿ ಆತ ಒಬ್ಬ ಕಸುಬುದಾರ ಕಳ್ಳನ ಬಾಯಿಂದಲೇ ಕಸುಬಿನ ಒಳಗುಟ್ಟು ಬರೆಸಿದ. ಕೈಚಳಕಕ್ಕಿಂತ ಮುಖ್ಯವಾದದ್ದು ಸಿಕ್ಕಿಬಿದ್ದ ಮೇಲಿನ ಹೊಂದಾಣಿಕೆ: ಕಳೆದುಕೊಂಡವನಿಗೆ ಹಣ ಹಿಂದಿರುಗಿಸಿ ದೂರು ಬಿಡಿಸುವುದು, ಠಾಣೆ, ಕಚೇರಿಗಳಲ್ಲಿ ಕೈ ಬೆಚ್ಚಗೆ ಮಾಡುವುದು. 1949ರ ಪುಸ್ತಕದಲ್ಲಿ ಆತನೇ 70 ದೊಡ್ಡ ಕಂಪನಿಗಳ ಜಾತಕ ತೆಗೆದ. ಅವುಗಳ ವಿರುದ್ಧ ಒಟ್ಟು 980 ತೀರ್ಪು, ಆದೇಶಗಳಿದ್ದವು. ಕ್ರಿಮಿನಲ್ ಕೋರ್ಟಿನಿಂದ ಬಂದವು 158 ಮಾತ್ರ. ಉಳಿದವನ್ನು ಸಿವಿಲ್ ಕೋರ್ಟು, ಆಯೋಗಗಳು ಮುಗಿಸಿದ್ದವು. ಮಾನನಷ್ಟದ ಮೊಕದ್ದಮೆಗೆ ಹೆದರಿದ ಪ್ರಕಾಶಕರು ಕಂಪನಿಗಳ ಹೆಸರನ್ನು ಪುಸ್ತಕದಿಂದ ತೆಗೆಸಿದರು. ಹೆಸರುಗಳಿದ್ದ ಆವೃತ್ತಿ ಹೊರಬಂದದ್ದು 1983ರಲ್ಲಿ. ತಪ್ಪಿಸಿಕೊಳ್ಳುವ ಕಲೆಗೆ ಇದಕ್ಕಿಂತ ಒಳ್ಳೆಯ ಪಾಠ ಪುಸ್ತಕದೊಳಗೂ ಇರಲಿಕ್ಕಿಲ್ಲ.

1947ರಲ್ಲಿ ನ್ಯೂಯಾರ್ಕಿನ ಸುಮಾರು 1,700 ಜನರನ್ನು ಕೇಳಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಕಾನೂನು ಮೀರಿದ್ದನ್ನು ಒಪ್ಪಿಕೊಂಡರು. ಜೈಲಿನ ಗೋಡೆಯ ಹೊರಗೂ ಸಂಶೋಧನೆಗೆ ವಸ್ತುವಿದೆ ಎಂಬುದು ಆಗ ಖಾತ್ರಿಯಾಯಿತು.

ಮುಂದೆ ಕಣ್ಣು ಹೊರಳಿದ್ದು ಪೊಲೀಸರತ್ತ. 1975ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಪೀಟರ್ ಗ್ರೀನ್‌ವುಡ್ ಮತ್ತು ಸಂಗಡಿಗರು ಪತ್ತೇದಾರಿ ಕಥೆಗಳ ಹೊಟ್ಟೆಗೆ ಹೊಡೆಯುವಂಥ ವರದಿ ಕೊಟ್ಟರು. ಪ್ರಕರಣ ಬಗೆಹರಿಯುವುದು ಬಹುಮಟ್ಟಿಗೆ ಪತ್ತೇದಾರನ ಬುದ್ಧಿಯಿಂದಲ್ಲ. ಸ್ಥಳಕ್ಕೆ ಮೊದಲು ಬಂದ ಪೇದೆಗೆ ಸಂತ್ರಸ್ತರೋ ಸಾಕ್ಷಿಗಳೋ ಹೇಳುವ ವಿವರದಿಂದ. ಹೇಳುವವರಿಲ್ಲದಿದ್ದರೆ ಕಡತ ಅಲ್ಲೇ ಮಲಗುತ್ತದೆ.

ಇಂಗ್ಲೆಂಡಿನ ಯಾರ್ಕ್‌ಷೈರ್, ಮ್ಯಾಂಚೆಸ್ಟರ್‌ಗಳಲ್ಲಿ 13 ಮಹಿಳೆಯರನ್ನು ಕೊಂದ ಪೀಟರ್ ಸಟ್‌ಕ್ಲಿಫ್‌ನನ್ನು ಪೊಲೀಸರು ಒಂಬತ್ತು ಸಲ ವಿಚಾರಿಸಿ ಬಿಟ್ಟಿದ್ದರು. ಒಂದೊಂದು ವಿಚಾರಣೆಯ ಮಾಹಿತಿ ಒಂದೊಂದು ಕಾರ್ಡಿನಲ್ಲಿ ಉಳಿಯಿತು, ಕೂಡಿಸಿ ನೋಡಿದವರಿಲ್ಲ. ಸಾಲದ್ದಕ್ಕೆ ಯಾರೋ ಕಿಡಿಗೇಡಿ ಕಳಿಸಿದ ಧ್ವನಿಸುರುಳಿ ನಂಬಿ ಬೇರೊಂದು ಸೀಮೆಯ ಉಚ್ಚಾರಣೆಯವನನ್ನು ಹುಡುಕುತ್ತಿದ್ದರು. 1981ರ ಜನವರಿಯಲ್ಲಿ ಅವನು ಸಿಕ್ಕಿದ್ದು ಕಾರಿನ ಸುಳ್ಳು ನಂಬರ್ ಪ್ಲೇಟಿನಿಂದ. ಮಹಾ ಚಾಣಾಕ್ಷ ಎಂಬ ಪಟ್ಟ ಇಂಥವರಿಗೆ ಸಲ್ಲದು.

ಈ ಶತಮಾನದ ಅಧ್ಯಯನಗಳು ಅಪರಾಧಿ ಮತ್ತು ಪೊಲೀಸರ ನಡುವಿನ ಸಂದಿಗಳನ್ನು ಅಳೆಯುತ್ತಿವೆ. ಪಿಯೆರ್ ಟ್ರೆಂಬ್ಲೆ, ಕಾರ್ಲೊ ಮೊರ್ಸೆಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಅಪರಾಧಿಗಳ ‘ಯಶಸ್ಸ’ನ್ನೇ ವಿಷಯವಾಗಿಸಿಕೊಂಡು, ಪರಿಚಯಗಳ ಜಾಲ ಹೇಗಿದೆ ಎಂಬುದರ ಮೇಲೆ ಸಂಪಾದನೆ ನಿಂತಿರುವುದನ್ನು ಕಂಡರು. ನೆದರ್‌ಲೆಂಡ್ಸ್‌ನಲ್ಲಿ ಮಾರ್ರೆ ಲಾಮರ್ಸ್ ಮತ್ತು ವಿಮ್ ಬರ್ನಾಸ್ಕೊ ಡಿಎನ್‌ಎ ಕುರುಹುಗಳನ್ನು ಹಿಡಿದು ಹೋದರು. ಹೆಸರು ಗೊತ್ತಿಲ್ಲದವರ ಕೃತ್ಯಗಳನ್ನೂ ಈ ಕುರುಹುಗಳು ಜೋಡಿಸುತ್ತವೆ. ಕೆಟೆಲೆಗೆ ಸಿಗದ ಅಳತೆಗೋಲಿದು. ಹಲವು ಪೊಲೀಸ್ ವ್ಯಾಪ್ತಿಗಳಲ್ಲಿ ಕೈಚಳಕ ತೋರುವವರು ಬೇಗ ಸಿಗುವುದಿಲ್ಲ ಎಂಬುದು ಅವರ ಶೋಧ.

ಇದು ನಮಗೆ ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಶಾಲಾ ಶಿಕ್ಷಕನಾಗಿದ್ದ ‘ಸಯನೈಡ್’ ಮೋಹನ್ 2009ರಲ್ಲಿ ಬಂಧಿತನಾಗುವವರೆಗೂ ಅವನು ಕೊಂದವರ ಹೆಣಗಳು ಬೇರೆಬೇರೆ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಸಿಗುತ್ತಿದ್ದವು. ಆಯಾ ಠಾಣೆಯಲ್ಲಿ ಅದು ಅಸಹಜ ಸಾವು. ಸತ್ತವರು ಬಡಮನೆಯ ಹೆಣ್ಣುಮಕ್ಕಳು. ಮದುವೆಯ ಮಾತು ನಂಬಿ ಹೊರಟವರು. ಮಗಳು ಓಡಿಹೋದಳೆಂದು ಮರ್ಯಾದೆಗೆ ಅಂಜಿದ ಮನೆಯವರು ಠಾಣೆಯ ಮೆಟ್ಟಿಲು ಹತ್ತುವುದುಂಟೆ? ಪೊಲೀಸರು ಚಾಪೆ ಕೆಳಗೆ ತೂರಿದರೆ ಕಳ್ಳ ರಂಗೋಲಿ ಕೆಳಗೆ ತೂರುತ್ತಾನೆಂಬ ಮಾತು ಅವನ ಚುರುಕಿಗೇ ಹೆಚ್ಚು ಅಂಕ ಕೊಡುತ್ತದೆ. ಇಲ್ಲಿ ಚಾಪೆಯನ್ನು ಎತ್ತಿಯೇ ಇರಲಿಲ್ಲ.

ಠಾಣೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಜಾಲಕ್ಕೆ ಕೇಂದ್ರ ಒಪ್ಪಿಗೆ ಕೊಟ್ಟದ್ದೂ 2009ರಲ್ಲೇ. ಆದರೆ ಠಾಣೆಯಲ್ಲಿ ದಾಖಲಾಗದ ದೂರು ಆ ಜಾಲಕ್ಕೆ ಸೇರುವುದಿಲ್ಲ. ನಮ್ಮ ವ್ಯಾಪ್ತಿ ಅಲ್ಲ ಎಂದು ಯಾರಾದರೂ ಹಿಂದೆ ಕಳಿಸಿದರೆ ನೆನಪಿಡಿ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಸಂಜ್ಞೇಯ (ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ.