ತಪ್ಪಿಲ್ಲದ ಕಲಿಕೆ: ಮರೆವಿನ ಚಿಕಿತ್ಸೆಯ ಒಂದು ಕವಲು

1911ರಲ್ಲಿ ಜಿನೀವಾದ ಎದ್ವಾರ್ ಕ್ಲಾಪರೇಡ್ ವರದಿ ಮಾಡಿದ ಪ್ರಯೋಗಕ್ಕೆ ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡಲಾರದು. ತೀವ್ರ ಮರೆವಿದ್ದ ರೋಗಿಯೊಬ್ಬಳ ಕೈ ಕುಲುಕುವಾಗ ಅವರು ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಟ್ಟು ಚುಚ್ಚಿದರು. ಆಕೆಗೆ ಆ ಪ್ರಸಂಗ ಬೇಗನೆ ಮರೆತುಹೋಯಿತು. ಆದರೂ ಮತ್ತೆ ಕೈ ಚಾಚಿದಾಗ ಆಕೆ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ನೆನಪು ಒಂದೇ ಬಗೆಯದಲ್ಲ ಎಂಬುದು ಗಟ್ಟಿಯಾಗಲು ಮುಂದೆ ಐದು ದಶಕಗಳೇ ಬೇಕಾದವು. ಅಪಸ್ಮಾರ ತಗ್ಗಿಸಲೆಂದು 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನ ಮಿದುಳಿನ ಎರಡೂ ಬದಿಯಿಂದ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದುಹಾಕಲಾಯಿತು. ಅಂದಿನಿಂದ ಹೊಸ ಸಂಗತಿಗಳು ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಕೌಶಲ ದಿನದಿಂದ ದಿನಕ್ಕೆ ಸುಧಾರಿಸಿದ್ದನ್ನು ಬ್ರೆಂಡಾ ಮಿಲ್ನರ್ ತೋರಿಸಿದರು.

ಹಾಗಾದರೆ ಉಳಿದಿರುವ ಈ ಸಾಮರ್ಥ್ಯದ ಮೂಲಕವೇ ಪಾಠ ಹೇಳಬಹುದಲ್ಲವೇ? 1986ರಲ್ಲಿ ಗ್ಲಿಸ್ಕಿ, ಶಾಕ್ಟರ್, ಟುಲ್ವಿಂಗ್ ಅವರು ಮರೆವಿನ ರೋಗಿಗಳಿಗೆ ಕಂಪ್ಯೂಟರ್ ಪದಗಳನ್ನು ಕಲಿಸಿದರು. ಮೊದಲು ಹೆಚ್ಚು ಅಕ್ಷರಗಳ ಸುಳಿವು ಕೊಟ್ಟು, ಆಮೇಲೆ ಒಂದೊಂದಾಗಿ ತೆಗೆಯುತ್ತಾ ಹೋದರು. ರೋಗಿಗಳು ಕಲಿತರು, ಆದರೆ ನಿಧಾನವಾಗಿ.

ದಿಕ್ಕು ಬದಲಿಸಿದ್ದು ಪಾರಿವಾಳಗಳು ಎಂದರೆ ಅತಿಶಯವಲ್ಲ. ತಪ್ಪೇ ಆಗದಂತೆ ಹಂತಹಂತವಾಗಿ ತರಬೇತಿ ಕೊಟ್ಟರೂ ಅವು ಬಣ್ಣಗಳ ವ್ಯತ್ಯಾಸ ಕಲಿಯುತ್ತವೆ ಎಂದು ಹರ್ಬರ್ಟ್ ಟೆರೇಸ್ 1963ರಲ್ಲೇ ತೋರಿಸಿದ್ದರು. 1994ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ ಅದೇ ತತ್ವವನ್ನು ಮನುಷ್ಯರ ಮೇಲೆ ಪರೀಕ್ಷಿಸಿದರು. ಒಂದು ವಿಧಾನದಲ್ಲಿ ಪದದ ಮೊದಲೆರಡು ಅಕ್ಷರ ಹೇಳಿ ಉಳಿದದ್ದನ್ನು ಊಹಿಸಲು ಬಿಟ್ಟರು. ಇನ್ನೊಂದರಲ್ಲಿ ಪದವನ್ನು ನೇರವಾಗಿ ಹೇಳಿ ಬರೆಸಿದರು. ಊಹೆಗೆ ಅವಕಾಶ ಕೊಡದಿದ್ದಾಗ 16 ರೋಗಿಗಳಲ್ಲಿ ಪ್ರತಿಯೊಬ್ಬರೂ ಹೆಚ್ಚು ಕಲಿತರು. ತಪ್ಪಿ ಕಲಿಯಬೇಕಾದರೆ ತಪ್ಪಿದ್ದು ನೆನಪಿರಬೇಕು. ಇವರಲ್ಲಿ ಉಳಿಯುತ್ತಿದ್ದದ್ದು ತಪ್ಪು ಉತ್ತರ. ಅದು ತಪ್ಪೆಂಬ ಅರಿವಲ್ಲ.

ಮಿದುಳಿನ ಚಟುವಟಿಕೆಯ ಅಧ್ಯಯನಗಳು ಇದಕ್ಕೊಂದು ಹಿನ್ನೆಲೆ ಒದಗಿಸಿದವು. ವ್ಯಕ್ತಿ ತಪ್ಪು ಗುಂಡಿ ಒತ್ತಿದ ಸುಮಾರು 100 ಮಿಲಿಸೆಕೆಂಡಿನೊಳಗೆ ನೆತ್ತಿಯ ಮುಂಭಾಗದಲ್ಲಿ ಋಣ ವಿದ್ಯುತ್ ಅಲೆಯೊಂದು ದಾಖಲಾಗುತ್ತದೆ ಎಂದು 1990ರ ದಶಕದ ಆರಂಭದಲ್ಲಿ ತಿಳಿದುಬಂತು. ಅದರ ಮೂಲ ಮುಖ್ಯವಾಗಿ ಮುಂಭಾಗದ ಸಿಂಗ್ಯುಲೇಟ್ ಕವಚ. ತಪ್ಪಿನ ಈ ಎಚ್ಚರಿಕೆ ಮೊಳಗಿದರೆ ಸಾಲದು, ಅದನ್ನು ಆ ಉತ್ತರಕ್ಕೆ ಜೋಡಿಸಿ ನಾಳೆಗೆ ಉಳಿಸಲು ಹಿಪ್ಪೊಕ್ಯಾಂಪಸ್ ಬೇಕು ಎಂಬ ವಿವರಣೆ ಒಪ್ಪುವಂತಿದೆ.

ವಾದ ಅಲ್ಲಿಗೆ ನಿಲ್ಲಲಿಲ್ಲ. ತಪ್ಪಿಲ್ಲದ ಕಲಿಕೆಯ ಲಾಭಕ್ಕೆ ಕಾರಣ ಅರಿವಿಲ್ಲದ ನೆನಪಲ್ಲ, ಅಳಿದುಳಿದ ಅರಿವಿನ ನೆನಪೇ ಎಂದು ಹಂಕಿನ್ ಮತ್ತು ಸಂಗಡಿಗರು 1998ರಲ್ಲಿ ಮಂಡಿಸಿದರು. ಉತ್ತರವನ್ನು ಸದಾ ಬಾಯಿಗಿಟ್ಟರೆ ನೆನಪಿನಿಂದ ಹೆಕ್ಕಿ ತೆಗೆಯುವ ಅಭ್ಯಾಸವೇ ತಪ್ಪಿಹೋಗುತ್ತದೆ ಎಂಬ ಆಕ್ಷೇಪವನ್ನು ಮಿಡಲ್ಟನ್ ಮತ್ತು ಶ್ವಾರ್ಟ್ಸ್ 2012ರಲ್ಲಿ ಮುಂದಿಟ್ಟರು. ಇದು ತೂಕದ ಮಾತು. ಅಂತರ ಹೆಚ್ಚಿಸುತ್ತಾ ನೆನಪಿಸುವ ವಿಧಾನ, ತಪ್ಪು ತಡೆಯುವುದು ಮತ್ತು ನೆನಪಿನಿಂದ ಹೆಕ್ಕುವುದು ಎರಡನ್ನೂ ಹೊಂದಿಸಲು ನೋಡುತ್ತದೆ: ಒಂದು ಹೆಸರನ್ನು ಕಲಿಸಿ, ಕೆಲವು ಸೆಕೆಂಡು ಬಿಟ್ಟು ಕೇಳುತ್ತಾರೆ, ಸರಿಯಾದರೆ ಅಂತರ ಹಿಗ್ಗುತ್ತದೆ. ತಪ್ಪಿದರೆ ಕೂಡಲೇ ಸರಿಯುತ್ತರ ಹೇಳಿಸಿ, ಹಿಂದೆ ಗೆದ್ದ ಅಂತರಕ್ಕೆ ಮರಳುತ್ತಾರೆ.