ಖಲೀಫಾ ಮೈದಾನದಲ್ಲಿ ಒಬ್ಬ ಮೈಸೂರಿನವರು

ಕತಾರ್ ಕನ್ನಡಿಗರ ನೆನಪುಗಳನ್ನು ಒಟ್ಟುಮಾಡಲು ಕೂತಾಗ ರಾಜ್ಯೋತ್ಸವದ, ಯುಗಾದಿಯ, ಯಕ್ಷಗಾನದ ಫೋಟೊಗಳು ರಾಶಿ ಬೀಳುತ್ತವೆ. ಅವುಗಳ ಜೊತೆಗೆ 2006ರ ಡಿಸೆಂಬರ್ ತಿಂಗಳೂ ಸೇರಬೇಕೆಂಬುದು ನನ್ನ ಹಟ. ಆಗ ದೋಹಾದಲ್ಲಿ ಏಷ್ಯನ್ ಕ್ರೀಡಾಕೂಟ. ಡಿಸ್ಕಸ್ ಎಸೆಯಲು ಬಂದವರಲ್ಲಿ ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಇದ್ದರು. ವಯಸ್ಸು 23. ಚಿನ್ನ ಇರಾನಿನ ಎಹ್ಸಾನ್ ಹದಾದಿಗೆ ಹೋಯಿತು, ವಿಕಾಸ್‌ಗೆ ಪದಕ ದಕ್ಕಲಿಲ್ಲ.

ಎರಡೂವರೆ ಮೀಟರ್ ಅಗಲದ ಸಿಮೆಂಟ್ ವೃತ್ತ, ಸುತ್ತ ಬಲೆ. ಎರಡು ಕಿಲೋ ತೂಕದ ಡಿಸ್ಕಸ್ಸನ್ನು ಬೆರಳ ತುದಿಗೆ ಆನಿಸಿಕೊಂಡು, ಮೈದಾನಕ್ಕೆ ಬೆನ್ನು ಮಾಡಿ ನಿಂತು, ಒಂದೂವರೆ ಸುತ್ತು ತಿರುಗಿ ಬಿಡಬೇಕು. ಕಾಲು ಚೂರು ಗೆರೆ ದಾಟಿದರೂ ಆ ಎಸೆತ ಲೆಕ್ಕಕ್ಕಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ಮೈ ಪಳಗಲು ವರ್ಷಗಳೇ ಬೇಕು.

ಹಾಗೆ ಪಳಗುವುದು ಎಷ್ಟೋ ಸಲ ಹುಟ್ಟೂರಿನಿಂದ ದೂರದಲ್ಲಿ; ಭಾರ ಎಸೆಯುವವರಿಗೆ ವಲಸೆ ಹೊಸದಲ್ಲ. ಐರ್ಲೆಂಡಿನ ಕ್ಲೇರ್ ಸೀಮೆಯ ಪ್ಯಾಟ್ ಮೆಕ್‌ಡೊನಾಲ್ಡ್ ನ್ಯೂಯಾರ್ಕಿಗೆ ಹೋಗಿ ಪೊಲೀಸಿಗೆ ಸೇರಿದರು. 1912ರಲ್ಲಿ ಗುಂಡು ಎಸೆತದ ಒಲಿಂಪಿಕ್ ಚಿನ್ನ ಗೆದ್ದವರು, 1920ರ ಆಂಟ್ವರ್ಪ್‌ನಲ್ಲಿ 56 ಪೌಂಡ್, ಅಂದರೆ 25 ಕಿಲೋ ದಾಟಿದ ಭಾರ ಎಸೆದು ಮತ್ತೆ ಚಿನ್ನ ತಂದರು. ಆಗ ಅವರಿಗೆ 42! ಆ ಕೂಟದಲ್ಲಿ ಅಮೆರಿಕದ ಬಾವುಟ ಹಿಡಿದು ನಡೆದವರೂ ಅವರೇ. ನಮ್ಮ ಕತಾರಿಗೂ ಅಂಥವರಿದ್ದಾರೆ: ಈಜಿಪ್ಟ್ ಮೂಲದ ಅಶ್ರಫ್ ಎಲ್ಸೈಫಿ 2018ರ ಜಕಾರ್ತಾ ಏಷ್ಯನ್ ಕೂಟದಲ್ಲಿ ಹ್ಯಾಮರ್ ಎಸೆದು ಇಲ್ಲಿಗೆ ಚಿನ್ನ ತಂದರು.

ವಿಕಾಸ್ ದಾರಿ ಬೇರೆ. ಚಿಕ್ಕಂದಿನಲ್ಲೇ ತಂದೆ ಶಿವೇಗೌಡರ ಜೊತೆ ಅಮೆರಿಕ ಸೇರಿದವರು, ಮೇರಿಲ್ಯಾಂಡಿನಲ್ಲಿ ಬೆಳೆದು, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದಿದರು. ದೋಹಾಕ್ಕೆ ಬಂದ ವರ್ಷವೇ ಅಮೆರಿಕದ ಕಾಲೇಜು ಚಾಂಪಿಯನ್ ಆಗಿದ್ದರು. ಕಲಿತದ್ದೆಲ್ಲ ಅಲ್ಲಿ, ಆದರೆ ತೊಟ್ಟಿದ್ದು ಭಾರತದ ಅಂಗಿ. ಮಕ್ಕಳನ್ನು ಇಲ್ಲಿ ಬೆಳೆಸುತ್ತಿರುವ ನನ್ನಂಥವನಿಗೆ ಅದು ಪದಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಪದಕಗಳೂ ಬಂದವು. 2010ರಲ್ಲಿ ದೆಹಲಿ ಕಾಮನ್‌ವೆಲ್ತ್‌ನ ಬೆಳ್ಳಿ, ಗುವಾಂಗ್‌ಜೌ ಏಷ್ಯನ್ ಕೂಟದ ಕಂಚು. 2012ರಲ್ಲಿ 66.28 ಮೀಟರ್‌ನ ರಾಷ್ಟ್ರೀಯ ದಾಖಲೆ, ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಎಂಟನೇ ಸ್ಥಾನ. 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ 63.64 ಮೀಟರ್ ಎಸೆದು ಚಿನ್ನ. 1958ರ ಮಿಲ್ಖಾ ಸಿಂಗ್ ನಂತರ ಕಾಮನ್‌ವೆಲ್ತ್ ಅಥ್ಲೆಟಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಪುರುಷ ನಮ್ಮ ಮೈಸೂರಿನವರು. ದೋಹಾದಿಂದ ಬರಿಗೈಲಿ ಹೋಗಿ ಆಗಲೇ ಸುಮಾರು ಎಂಟು ವರ್ಷ ಕಳೆದಿತ್ತು.

2006ರ ಆ ಡಿಸೆಂಬರಿನಲ್ಲಿ ಡಿಸ್ಕಸ್ ಎಸೆತ ನಡೆದ ಖಲೀಫಾ ಕ್ರೀಡಾಂಗಣಕ್ಕೆ ಹೋಗಿದ್ದವರು ನಮ್ಮಲ್ಲಿ ಇನ್ನೂ ಇದ್ದಾರೆ. ಹಳೇ ಟಿಕೆಟ್ಟೋ ಮಸುಕು ಫೋಟೊವೋ ಇದ್ದರೆ ದಯವಿಟ್ಟು ಸಂಪಾದಕರಿಗೆ ತಲುಪಿಸಿ.