ಹೆಸರಿನ ಕೊನೆಯ ಅಂಕಿ: ಹಂಚಿಕೆಯ ಲೈಬ್ರರಿಗಳ ಆವೃತ್ತಿ ಆಯ್ಕೆಯ ಚರಿತ್ರೆ

ಡೆಬಿಯನ್ 12 ಇರುವ ಕಂಪ್ಯೂಟರಿನಲ್ಲಿ ಜೀಲಿಬ್ ಎಂಬ ಲೈಬ್ರರಿ ಮೂರು ಹೆಸರಿನಲ್ಲಿ ಸಿಗಬಹುದು. ನಿಜವಾದ ಫೈಲು ‘ಲಿಬ್‌ಝಡ್.ಎಸ್‌ಒ.1.2.13’. ‘ಲಿಬ್‌ಝಡ್.ಎಸ್‌ಒ.1’ ಅದಕ್ಕೊಂದು ಸಿಮ್‌ಲಿಂಕ್, ಅಂದರೆ ಆ ಫೈಲಿನತ್ತ ಬೆರಳು ತೋರುವ ಹೆಸರು. ಅಂಕಿಯೇ ಇಲ್ಲದ ‘ಲಿಬ್‌ಝಡ್.ಎಸ್‌ಒ’ ಇನ್ನೊಂದು. ಪ್ರೋಗ್ರಾಂ ಓಡಲು ಮೊದಲೆರಡು ಸಾಕು. ಮೂರನೆಯದು ಬೇಕಾಗುವುದು ಪ್ರೋಗ್ರಾಂ ಕಟ್ಟುವವರಿಗೆ. ಹಾಗಾಗಿ ಅದು ‘ಡೆವ್’ ಪ್ಯಾಕೇಜಿನಲ್ಲಿ ಬರುತ್ತದೆ. ಈ ಪಾಲುಪಟ್ಟಿ ಒಂದೇ ದಿನದಲ್ಲಿ ಆದದ್ದಲ್ಲ.

1987ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಸನ್ ಕಂಪನಿಯ ರಾಬರ್ಟ್ ಗಿಂಜೆಲ್ ಮತ್ತು ಸಂಗಡಿಗರು ತಮ್ಮ ಹಂಚಿಕೆಯ ಲೈಬ್ರರಿಗಳ ವಿನ್ಯಾಸವನ್ನು ಮಂಡಿಸಿದರು. ಮರುವರ್ಷದ ಸನ್‌ಓಎಸ್ 4.0ರಲ್ಲಿ ಅದು ಬಳಕೆಗೆ ಬಂತು. ಅಲ್ಲಿ ಪ್ರತಿ ಲೈಬ್ರರಿಯ ಹೆಸರಿಗೂ ಎರಡು ಅಂಕಿ: ಹೊಂದಾಣಿಕೆ ಮುರಿದರೆ ಮೊದಲನೆಯದು ಏರಬೇಕು, ಹೊಸ ಸೌಲಭ್ಯ ಸೇರಿದರೆ ಎರಡನೆಯದು. ಡೈರೆಕ್ಟರಿಯಲ್ಲಿ ಹುಡುಕಿ ಅತಿ ದೊಡ್ಡ ಅಂಕಿಯದನ್ನು ಆರಿಸುವ ಕೆಲಸ ಪ್ರೋಗ್ರಾಮಿಗೆ ಲೈಬ್ರರಿ ಜೋಡಿಸುವ ಲಿಂಕರಿನದೇ. ಅಂದರೆ ಆಯ್ಕೆಯ ನಿಯಮವೆಲ್ಲ ಸಲಕರಣೆಯ ಒಳಗಿತ್ತು.

ಯುನಿಕ್ಸ್ ಸಿಸ್ಟಂ ಫೈವ್ ನಾಲ್ಕನೇ ಬಿಡುಗಡೆಯೊಂದಿಗೆ ಬಂದ ಎಲ್ಫ್ ಎಂಬ ಫೈಲು ಮಾದರಿ ಈ ಹೊರೆಯನ್ನು ಲಿಂಕರಿನ ತಲೆಯಿಂದ ಇಳಿಸಿತು. ಲಿಂಕರ್ ಅಂಕಿಯಿಲ್ಲದ ಹೆಸರನ್ನಷ್ಟೇ ಹುಡುಕುತ್ತದೆ. ಸಿಕ್ಕ ಫೈಲನ್ನು ತೆರೆದು, ಅದರೊಳಗೆ ಬರೆದಿರುವ ‘ಎಸ್‌ಒನೇಮ್’ ಓದಿ, ಆ ಹೆಸರನ್ನೇ ಪ್ರೋಗ್ರಾಮಿನ ಅಗತ್ಯಗಳ ಪಟ್ಟಿಗೆ ನಕಲು ಮಾಡುತ್ತದೆ. ಕಟ್ಟುವಾಗ ಕೇಳಿದ್ದು ‘ಲಿಬ್‌ಝಡ್.ಎಸ್‌ಒ’, ಓಡುವಾಗ ಕೇಳುವುದು ‘ಲಿಬ್‌ಝಡ್.ಎಸ್‌ಒ.1’. ಯಾವ ಅಂಕಿ ಎಂಬುದನ್ನು ತೀರ್ಮಾನಿಸಿದವರು ಲೈಬ್ರರಿ ಬರೆದವರು. ಅವರು ಎಸ್‌ಒನೇಮ್ ಹಾಕಲು ಮರೆತರೋ, ಪ್ರೋಗ್ರಾಮಿನಲ್ಲಿ ಅಂಕಿಯಿಲ್ಲದ ಹೆಸರೇ ಉಳಿಯುತ್ತದೆ. ಕಟ್ಟಿದ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡಿದ್ದು ಡೆವ್ ಪ್ಯಾಕೇಜ್ ಇಲ್ಲದ ಕಡೆ ಮುಗ್ಗರಿಸುತ್ತದೆ.

ಲಿನಕ್ಸ್ ಈ ದಾರಿಗೆ ಬಂದದ್ದು ತಡವಾಗಿ. ಮೊದಲಿನ ಎ.ಔಟ್ ಮಾದರಿಯಲ್ಲಿ ಪ್ರತಿ ಲೈಬ್ರರಿಗೂ ಮೆಮೊರಿಯಲ್ಲಿ ಜಾಗ ಮೊದಲೇ ಗೊತ್ತುಮಾಡಬೇಕಿತ್ತು. 1995ರ ಸುಮಾರಿಗೆ ಎಲ್ಫ್ ನೆಲೆಯೂರಿತು. 1997ರಲ್ಲಿ ಬಂದ ಗ್ನೂ ಸಿ ಲೈಬ್ರರಿ 2.0ರಿಂದಾಗಿ ‘ಲಿಬ್‌ಸಿ.ಎಸ್‌ಒ.5’ ಹೋಗಿ 6 ಬಂತು. ಹಳೆಯ ಪ್ರೋಗ್ರಾಮುಗಳ ಜೊತೆ ಹೊಸವು ಬಾಳುವ ಪಾಡು ಸಣ್ಣದಾಗಿರಲಿಲ್ಲ. ಡೆಬಿಯನ್ನಿನ ‘ಜೀಲಿಬ್1ಜಿ’ ಪ್ಯಾಕೇಜಿನ ಕೊನೆಯ ‘ಜಿ’ ಆ ವಲಸೆಯ ಗುರುತು, ಇವತ್ತಿಗೂ ಯಾರೂ ಅಳಿಸಿಲ್ಲ. 1999ರ 2.1 ಆವೃತ್ತಿಯಿಂದ ಲೈಬ್ರರಿಯ ಒಂದೊಂದು ಫಂಕ್ಷನ್ನಿಗೂ ಪ್ರತ್ಯೇಕ ಆವೃತ್ತಿ ಕೊಡುವ ಪದ್ಧತಿ ಬಂದದ್ದರಿಂದ ಆ 6 ಮತ್ತೆ ಏರಲೇ ಇಲ್ಲ. ಅಂದಹಾಗೆ ‘ಲಿಬ್‌ಸಿ.ಎಸ್‌ಒ’ ಸಿಮ್‌ಲಿಂಕ್ ಕೂಡ ಅಲ್ಲ. ತೆರೆದು ನೋಡಿದರೆ ಲಿಂಕರಿಗೆ ದಾರಿ ಹೇಳುವ ಕೆಲವು ಸಾಲುಗಳ ಪಠ್ಯ!

ವ್ಯವಸ್ಥೆಗೊಂದು ಪದ್ಧತಿ ಇರುವ ತಲೆನೋವನ್ನು ಮರೆಮಾಡಲು ಗ್ನೂ ಲಿಬ್‌ಟೂಲ್ ಹುಟ್ಟಿತು. ಅದು ಕೇಳುವುದು ಮೂರು ಅಂಕಿ: ಈಗಿನ ಇಂಟರ್‌ಫೇಸ್, ಅದರ ಪರಿಷ್ಕರಣೆ, ಹಿಂದಿನ ಎಷ್ಟು ಇಂಟರ್‌ಫೇಸುಗಳಿಗೆ ಬೆಂಬಲವಿದೆ ಎಂಬ ಲೆಕ್ಕ. ಲಿನಕ್ಸಿನಲ್ಲಿ ಮೊದಲನೆಯದರಿಂದ ಮೂರನೆಯದನ್ನು ಕಳೆದು ಎಸ್‌ಒನೇಮಿನ ಅಂಕಿ ಹುಟ್ಟುತ್ತದೆ. ಜಾಣ ಉಪಾಯವೇ, ಆದರೆ ಇದನ್ನು ಬಿಡುಗಡೆಯ ಸಂಖ್ಯೆ ಎಂದು ತಿಳಿದು ಎಡವುವವರೇ ಹೆಚ್ಚು. ಸಿಮೇಕ್ ಈ ಲೆಕ್ಕದ ಗೋಜಿಗೆ ಹೋಗದೆ ‘ವರ್ಷನ್’, ‘ಎಸ್‌ಒವರ್ಷನ್’ ಎಂದು ಎರಡನ್ನೂ ನೇರವಾಗಿ ಬರೆಸಿಕೊಳ್ಳುತ್ತದೆ. ಪ್ರೋಗ್ರಾಂ ಓಡುವಾಗ ತಾನೇ ತೆರೆದುಕೊಳ್ಳುವ ಪ್ಲಗಿನ್ನುಗಳಿಗಾದರೆ ಅಂಕಿಯೇ ಬೇಡ. ಇತ್ತ ಓಪನ್‌ಬಿಎಸ್‌ಡಿ ಮಾತ್ರ ಸನ್ನಿನ ಹಳೆಯ ರೂಢಿಯನ್ನೇ ಉಳಿಸಿಕೊಂಡಿದೆ: ಅಲ್ಲಿ ಲಿಂಕರ್ ಈಗಲೂ ದೊಡ್ಡ ಅಂಕಿಯನ್ನು ಹುಡುಕುತ್ತದೆ.

2022ರಲ್ಲಿ ಉಬುಂಟು 22.04 ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ 3ನೇ ಆವೃತ್ತಿಗೆ ಹಾರಿದಾಗ ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1’ ಬಯಸುವ ಪ್ರೋಗ್ರಾಮುಗಳು ನಿಂತುಹೋದವು. ಹೊಸ ಫೈಲಿಗೆ ಹಳೆಯ ಹೆಸರಿನ ಸಿಮ್‌ಲಿಂಕ್ ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಹಾಕಬೇಡಿ: ಫೈಲು ಸಿಕ್ಕರೂ ಒಳಗಿನ ಫಂಕ್ಷನ್ನುಗಳ ಆವೃತ್ತಿ ಹೊಂದದೆ, ಓಡುವಾಗ ಲೈಬ್ರರಿ ತಂದುಕೊಡುವ ಲೋಡರ್ ಅಲ್ಲೇ ತಡೆಯುತ್ತದೆ. ಹಳೆಯ ಲೈಬ್ರರಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ, ಇಲ್ಲವೇ ಪ್ರೋಗ್ರಾಮನ್ನು ಹೊಸದರ ಮೇಲೆ ಮತ್ತೆ ಕಟ್ಟಿ.